ಒಂದು ಮನಿ ತಪ್ಪಿದ ಮಲ್ಲಿಗಿ

ಗುಳೇದಗುಡ್ಡದಾಗ ನನ್ನ ಕೆಲಸ ಏನಂದ್ರ
ಹಳೇ ಖಣದ ಹೂವು ಬಿಚ್ಚೂದು.
ಮಾಸಿದ ಕುಬಸದ ತುಂಡು ಕೀಬೋರ್ಡಿನ ಬಾಜೂ ಇಟ್ಟು
ಭೂತಗನ್ನಡಿಯೊಳಗ ಎಳಿ ಎಣಿಸಿ
ಪರದಿಯ ಚೌಕಳಿಯಾಗ ಮನಿ ಮನಿ ತುಂಬೂದು:
ಕೆಂಪು ಒಂದು, ಬಿಟ್ಟು ಎರಡು, ಮತ್ತ ಕೆಂಪು.
ಸಂಜಿಗೆ ಆ ಫೈಲು ಪವರ್‌ಲೂಮಿಗೆ ಹೋಗತೈತಿ.

ಮಧ್ಯಾಹ್ನ ಎರಡರ ಸುಮಾರಿಗೆ
ಎಡಗಣ್ಣಿನ ಹಿಂದ ಯಾರೋ
ಸಣ್ಣಗ ಮೊಳಿ ಬಡಿಯಾಕ ಶುರು ಮಾಡ್ತಾರ.
ಅವಸರ ಇಲ್ಲ ಅವರಿಗೆ. ದಿನಗೂಲಿ ಲೆಕ್ಕ.

ಪಿತ್ತ, ಅಂದ್ಲು ಅವ್ವ. ಸುಂಠಿ ತೇದು ಹಚ್ಚಿದ್ಲು.
ದೃಷ್ಟಿ, ಅಂದ್ಲು ಎದುರುಮನಿ ಕಸ್ತೂರೆವ್ವ,
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿ
ನೋಡು, ಘಾಟೇ ಬರಲಿಲ್ಲ, ಅಂದ್ಲು.
ಬಾಗಲಕೋಟಿ ಕಣ್ಣಿನ ಡಾಕ್ಟರು
ಕಡೀ ಸಾಲಿನ ಅಕ್ಷರ ಓದಿಸಿ
ಚಲೋ ಅದಾವ, ಅಂತ ಮುನ್ನೂರು ತಗೊಂಡ್ರು.
ಮಾಲಕ ರಾಚಪ್ಪನವರು ಬಗ್ಗಿ ನೋಡಿ
ಎಲ್ಲೈತೆವ್ವಾ ಮಿಣುಕು? ಗ್ವಾಡಿ ಹಂಗ ನಿಂತೈತಲ್ಲ!

ನಿಂತಿತ್ತು ಖರೆ.
ನನಗೂ ಕಾಣತಿದ್ದಿಲ್ಲ.
ಕಾಣದ್ದು ನೋಯಿಸತೈತಿ ಅಂತ ಯಾರಿಗೆ ಹೇಳೂದು?

ಬೆಳಕು ಚುಚ್ಚತೈತಿ ಅಂತ ದಿನಾ ಒಂದೀಟು ಸಣ್ಣ ಮಾಡಿದೆ,
ನೂರರಿಂದ ಅರವತ್ತು, ಅರವತ್ತರಿಂದ ಇಪ್ಪತ್ತು.
ನೋವು ಮಾತ್ರ ದೊಡ್ಡದಾತು.

ಕಂಡಿಕಿ ಸುತ್ತೂ ಹುಡುಗ ಮೈನುದ್ದೀನ
ಒಂದಿನ ಸುಮ್ಮನ ಮೊಬೈಲ್ ಕ್ಯಾಮೆರಾ ಹಿಡದ ಪರದಿಗೆ.
ಅಕ್ಕಾರ, ಇಲ್ಲಿ ನೋಡ್ರಿ.
ಕರೀ ಪಟ್ಟಿ.
ಒಂದರ ಹಿಂದೊಂದು ಮ್ಯಾಲಿಂದ ಇಳಿಯಾಕ ಹತ್ತಿದ್ದವು
ಮುಗಿಯದ ಸೆರಗಿನಂಗ.
ಆರತೈತಿ, ಹತ್ತತೈತಿ, ಆರತೈತಿ, ಹತ್ತತೈತಿ.
ಬೆಳಕು ಸಣ್ಣ ಮಾಡೂದಂದ್ರ ಈ ಯಂತ್ರಕ್ಕ
ಕಂದೀಲಿನ ಬತ್ತಿ ಇಳಿಸಿದಂಗಲ್ಲ;
ಪೂರಾ ಆರಿಸಿ, ಪೂರಾ ಹಚ್ಚಿ,
ಆರಿಸಿದ ಹೊತ್ತು ಹಿಗ್ಗಿಸೂದು.
ಕಣ್ಣಿಗೆ ಕರುಣಾ ತೋರಸ್ತೀನಂತ
ಅದರೊಳಗ ನಾನ ಕತ್ತಲಿ ತುರುಕಿದ್ದೆ.

ರಾತ್ರಿ ಕುಣಿಮಗ್ಗದಾಗ ಕುಂತ ದೊಡ್ಡವ್ವಗ ಹೇಳಿದೆ.
ಲಾಳಿ ನಿಲ್ಲಿಸದನ ಕೇಳಿದ್ಲು:
ನಿನ್ನ ಬೆಳಕಿಗೆ ಹೊಕ್ಕು ಐತಿ ಅಂತಿ,
ಹಾಸು ಎಲ್ಲೈತಿ?
ಹಣಿ ಮುಟ್ಟಿ ತೋರಿಸಿದೆ.
ನಕ್ಕಳು. ಆಮ್ಯಾಲ ನಗಲಿಲ್ಲ.

ಈಗ ಪರದಿ ಪೂರಾ ಉರೀತೈತಿ, ನೂರಕ್ಕ ನೂರು.
ಬಾದಾಮಿ ಬಸ್‌ಸ್ಟ್ಯಾಂಡಿನ್ಯಾಗ ಎಂಬತ್ತು ರೂಪಾಯಿಗೆ ಕೊಂಡ
ಕರೀ ಚಾಳೀಸು ಹಾಕ್ಕೊಂಡು ಕುಂದರತೀನಿ.
ಯಾವ ಸಿನಿಮಾದಾಕೀನ? ಅಂತಾರ ಬಂದವರು.
ಕೆಂಪು ಕಾಚಿನ ಬಣ್ಣಕ್ಕ ತಿರುಗತೈತಿ,
ಹಂಗಾಗಿ ಬಣ್ಣದ ನಂಬರು ಬಾಯಿಪಾಠ.
ಹೊಸ ಪರದಿ ದೀಪಾವಳಿಗೆ, ಅಂದಾರ ರಾಚಪ್ಪನವರು.
ಯಾವ ದೀಪಾವಳಿ ಅಂದಿಲ್ಲ.

ಮೊನ್ನೆ ಲೂಮಿನಿಂದ ಬಂದ ಖಣ
ದೊಡ್ಡವ್ವನ ತೊಡಿ ಮ್ಯಾಲ ಹಾಸಿದೆ.
ಕಣ್ಣು ಮುಚ್ಚಿ ಬೆರಳಾಡಿಸಿದ್ಲು.
ಸೂಜಿ ಮಲ್ಲಿಗಿ ಒಂದರ ಮ್ಯಾಲ ಬೆರಳು ನಿಂತಿತು,
ಮುಂದ ಹೋತು, ಮುಂದಿನ ಹೂವಿನಾಗೂ
ಅದ ಜಾಗಾದಾಗ ಮತ್ತ ನಿಂತಿತು.

ಇಲ್ಲೊಂದು ಮನಿ ತಪ್ಪೈತಿ.

ಹೌದು. ಅದೊಂದು ಸೋಮವಾರ,
ಮಧ್ಯಾಹ್ನ ಮೂರು ಗಂಟೆ, ಎಡಗಣ್ಣು.
ನಾನೂರು ಕುಬಸದ ತುಂಬ ಹೋಗೇತಿ,
ಯಾರದೋ ಮದಿವ್ಯಾಗ ಯಾರದೋ ಬೆನ್ನ ಮ್ಯಾಲ
ಮಿಣುಕದನ ಕುಂತೈತಿ.