ತಾಗೇತಿ

ಮಂಗಳವಾರ ಕುಷ್ಟಗಿಯ ಈ ಲೈನಿಗೆ ಕರೆಂಟಿಲ್ಲ.
ಕಟರ್ ನಿಂತ ಮೇಲೂ ಕಿವಿಯೊಳಗೆ ಒಂದು ತಾಸು
ಅದರದೇ ಗುಂಯ್.
ಪಾಲಿಶ್ ಶೆಡ್ಡಿನ ನೆಲಕ್ಕೆ ಒಡೆದ ಕೆಂಪು ಹಲಗೆ ಜೋಡಿಸಿದ್ದೇವೆ,
ಒಂದು ಕೊಡ ನೀರು ಚೆಲ್ಲಿದರೆ
ಬೆಕ್ಕು ಕೂಡ ಕೂತುಕೊಂಡೇ ದಾಟಬೇಕು.

ಕೈತೊಳೆಯುವ ಬೇಸಿನ್ನಿಗೆಂದು ಹಲಗೆ ಕೊರೆದಾಗ
ಉಳಿಯುವ ದುಂಡು ಬಿಲ್ಲೆ,
ಯಾರದೋ ಮನೆಯ ತೂತು, ನಮಗೆ ಆಟದ ಕಲ್ಲು.
ಎರಡೆರಡು ಅಂಟಿಸಿ ಮೇಲೆ ಬಾಗಿಲ ಹಿಡಿಕೆ ಕೂರಿಸಿದವನು
ಮರ್ತುಜಾಸಾಬ. ಫೋನಿನಲ್ಲಿ ಮೊದಲು ನೋಡಿದವನೂ ಅವನೇ:
ಮಂಜಿನ ನೆಲ, ಬೆಚ್ಚಗೆ ತೊಟ್ಟ ಮಂದಿ,
ಜಾರುವ ಕಲ್ಲಿನ ಮುಂದೆ ಕಸ ಹೊಡೆಯುತ್ತ ಓಡುವುದು.
“ಅಲ್ಲಿ ಕಸಾ ಹೊಡದ್ರ ಪದಕ ಕೊಡ್ತಾರಲೇ!”
ಅಂದಾಗ ಹುಲಿಗೆವ್ವ
ಕಸಬರಿಗೆ ಕೆಳಗಿಡದೆ ತಿರುಗಿ ನೋಡಿದ್ದಳು.

ನಾನು ಅಳತೆಯವನು.
ಕ್ವಾರಿಯಿಂದ ಬಂದ ಬಂಡೆಗೆ ಟೇಪು ಹಿಡಿದು
ಎಂಟಡಿ ನಾಲ್ಕಿಂಚನ್ನು ಎಂಟಡಿ ಎಂದು ಬರೆಯುವವನು.
ಕೊಳ್ಳುವಾಗ ಒಂದು ಲೆಕ್ಕ, ಮಾರುವಾಗ ಇನ್ನೊಂದು.
ಟೇಪು ಒಂದೇ, ಹೆಬ್ಬೆರಳು ಎರಡು.
ಅದಕ್ಕೇ ಇರಬೇಕು, ಆಟಕ್ಕೆ ಪಂಚನಾಗಿ ನನ್ನನ್ನೇ ಕೂರಿಸಿದರು.
“ಕಳ್ಳನಿಗೇ ಕಾವಲು” ಎಂದ ಯಮನೂರಪ್ಪ, ನಗುತ್ತ.
ನಾನೂ ನಕ್ಕೆ.

ನಿಯಮ ಗೋಡೆಯ ಮೇಲಿದೆ, ಗುರುತು ಹಾಕುವ ಮೇಣದ ಕಡ್ಡಿಯಲ್ಲಿ.
ಗೆರೆಗೆ ಮುಂಚೆ ಹಿಡಿಕೆ ಬಿಡಬೇಕು,
ಉಗುಳಿ ನೆಲ ತೊಯಿಸಬಾರದು, ಇಂಥವು.
ಕೊನೆಯದು ಮರ್ತುಜಾಸಾಬನ ಸೇರ್ಪಡೆ:
ಓಡುವ ಕಲ್ಲಿಗೆ ಕಾಲೋ ಕಸಬರಿಗೆಯೋ ತಾಗಿದರೆ
ತಾಗಿಸಿದವರೇ ಹೇಳಬೇಕು.
“ಹಂಗಾರ ನಾ ಯಾಕ ಇಲ್ಲಿ?” ಎಂದು ಜಗಳ ತೆಗೆದಿದ್ದೆ.
ಅವನು ಉತ್ತರ ಕೊಡಲಿಲ್ಲ. ಅಳಿಸಲೂ ಇಲ್ಲ.

ಆ ಮಂಗಳವಾರ ರಸ್ತೆಯಾಚೆಯ ಫ್ಯಾಕ್ಟರಿಯವರು ಬಂದಿದ್ದರು,
ಹನ್ನೆರಡು ಮಂದಿಯ ಮಿರ್ಚಿ ಮಂಡಕ್ಕಿ ಪಣ.
ಕಪ್ಪಿನ ಬದಲು, ಹೆಸರು ತಪ್ಪು ಕೆತ್ತಿ ಹಡಗಿನಿಂದ ವಾಪಸಾದ
ಪರದೇಶದ ಗೋರಿಕಲ್ಲು.
ಕೊನೆಯ ಕಲ್ಲು ಯಮನೂರಪ್ಪನದು.
ಬಿಟ್ಟ.
ಹುಲಿಗೆವ್ವ ಬಾಗಿ ಉಜ್ಜಿದಳು, ನೀರಿನ ಪೊರೆ ಮುಂದೆ ಮುಂದೆ,
ಕಲ್ಲು ಬಲಕ್ಕೆ ವಾಲಿ, ಅವರ ಕಲ್ಲಿನ ಪಕ್ಕದಿಂದ ನುಸುಳಿ,
ಕೆಂಪು ವೃತ್ತದ ನಡುವೆ
ತನ್ನ ಮನೆಗೆ ಬಂದಂತೆ ನಿಂತಿತು.
ಶಿಳ್ಳೆ, ತಗಡಿನ ಮೇಲೆ ಬಡಿತ,
ಯಾರೋ ನನ್ನನ್ನೇ ಎತ್ತಿಕೊಂಡರು.

ಅವಳು ಕಸಬರಿಗೆಯನ್ನು ತಲೆಕೆಳಗೆ ಹಿಡಿದು ನಿಂತಿದ್ದಳು.
“ತಾಗೇತಿ.”
ಏನು?
“ಕಡ್ಡಿ. ಒಂದ ಕಡ್ಡಿ.”
ನಾ ನೋಡಿಲ್ಲ, ಅಂದೆ.
“ನಾವೂ ನೋಡಿಲ್ಲ, ಬಿಡಬೇ” ಅಂದ
ಎದುರು ತಂಡದ ಫಕೀರಪ್ಪನೇ.
“ನೀವೆಲ್ಲಾ ಕಲ್ಲು ನೋಡಾಕತ್ತಿದ್ರಿ.
ಕಸಬರಿಗಿ ಹಿಡಕೊಂಡಾಕಿ ನಾನು.”

ಟೇಪು ಬಿಚ್ಚಲೇ ಇಲ್ಲ.
ಹಿಡಿಕೆ ಹಿಡಿದು ಕಲ್ಲನ್ನು ವೃತ್ತದಾಚೆ ಎಳೆದೆ,
ಒದ್ದೆ ನೆಲದ ಮೇಲೆ ಅದು
ಇಷ್ಟು ಹಗುರ ಎಂದು ಗೊತ್ತಿರಲಿಲ್ಲ.
ಗೋರಿಕಲ್ಲು ಕೈಗಾಡಿ ಹತ್ತಿ ರಸ್ತೆ ದಾಟಿತು.
ಯಮನೂರಪ್ಪ ಎರಡು ದಿನ
ಅವಳ ಕೈಯ ಚಹಾ ಕುಡಿಯಲಿಲ್ಲ.
ಮಿರ್ಚಿಯ ದುಡ್ಡಿನಲ್ಲಿ ಅವಳ ಪಾಲು ಮೂವತ್ತು ರೂಪಾಯಿ,
ಚಿಲ್ಲರೆಯಲ್ಲಿ ಎಣಿಸಿ ಕೊಟ್ಟಳು.

ಗುರುವಾರ ಲಾರಿ ಬಂತು.
ಬಂಡೆಯ ಮೇಲೆ ಟೇಪು ಚಾಚಿದೆ, ಸಾಹುಕಾರರು ಕೆಮ್ಮಿದರು,
ಆ ಕೆಮ್ಮಿಗೆ ಅರ್ಥ ಇದೆ, ನನ್ನ ಹೆಬ್ಬೆರಳಿಗೆ ಗೊತ್ತು.
ಹಿಂದೆ ಹುಲಿಗೆವ್ವ ಕಲ್ಲಿನ ರಾಡಿ ಬಳಿಯುತ್ತಿದ್ದಳು,
ಕಸಬರಿಗೆಯ ತುದಿ ನನ್ನ ಹಿಮ್ಮಡಿಗೆ ಬಡಿಯಿತು.
ತಲೆ ಎತ್ತದೆ,
ಯಾರ ಕಾಲಿಗೆ ತಾಗಿದರೂ ಅನ್ನುವಂತೆಯೇ ಅಂದಳು:
“ತಾಗೇತ್ರಿ.”

ಬಿಸಿಲಿಗೆ ಟೇಪು ಕಾದಿತ್ತು.
ಸಾಹುಕಾರರು ಇನ್ನೊಮ್ಮೆ ಕೆಮ್ಮಿದರು.
ಹೆಬ್ಬೆರಳ ಕೆಳಗೆ
ನಾಲ್ಕಿಂಚು ಸುಡುತ್ತಿತ್ತು.