ಉಳಿಕೆ ಚೂರು

ವಿರಾಜಪೇಟೆಯ ಗಡಿಯಾರ ಗೋಪುರ ದಾಟಿ ಇಳಿದರೆ
ಮೂರನೇ ತಿರುವಲ್ಲಿ ನಾವಿದ್ದ ಬಾಡಿಗೆ ಮನೆ.
ಎರಡು ಕೋಣೆ, ಒಂದು ಒಲೆ,
ಬಚ್ಚಲಿಗೆ ಬರೀ ಸಿಮೆಂಟು, ಅದೂ ಬಿರುಕು.
ಊರಿಗೆಲ್ಲ ನೆಲ ಹಾಸುವ ಮೇಸ್ತ್ರಿಯ ಬಚ್ಚಲು ನೋಡಿ ಅಂತ
ನನ್ನ ತಮ್ಮ ಬಂದಾಗೆಲ್ಲ ಜಾರಿ, ನಕ್ಕು, ಹೋಗುತ್ತಿದ್ದ.

ಮೇಸ್ತ್ರಿಯ ಹೆಸರು ಅವರಾನ್.
ನಾನು ‘ಅವರು’ ಅಂದರೂ
ಅರ್ಧ ಹೆಸರು ಹಿಡಿದು ಕರೆದಂತೆಯೇ.
ಅವರು ರಸಮಟ್ಟ ಇಟ್ಟು ಒಂದು ಕಣ್ಣು ಮುಚ್ಚುತ್ತಾರೆ,
ನಾನು ಮರಳು ಜಾಲಿಸುತ್ತೇನೆ,
ಸಂದಿಗೆ ಬಿಳಿ ಸಿಮೆಂಟು ತುಂಬಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ.
ಕೆಲಸ ಮುಗಿದ ಮನೆಯವರು ಉಳಿದದ್ದನ್ನು ತೋರಿಸಿ
‘ಇದನ್ನೆಲ್ಲಾದರೂ ಬಿಸಾಡಿಬಿಡಿ’ ಅನ್ನುತ್ತಾರೆ.
ಗೊಬ್ಬರದ ಚೀಲಕ್ಕೆ ಹಾಕಿ ಬಸ್ಸಿನಲ್ಲಿ ತರುತ್ತಿದ್ದೆ.
ಕಂಡಕ್ಟರ್ ಲಗೇಜು ಕೇಳುತ್ತಿದ್ದ.

ಮಾಲೀಕ ಬೆಳ್ಯಪ್ಪನವರು ಒಳ್ಳೆಯವರೇ.
‘ನೀವೇ ಮಾಡಿಕೊಂಡರೆ ನಾನು ಬೇಡ ಅನ್ನುವುದಿಲ್ಲ’ ಅಂದರು.
ಬೇಡ ಅನ್ನದಿರುವುದಕ್ಕೆ ಖರ್ಚಿಲ್ಲ.

ಎಂಟು ಭಾನುವಾರ ಮೊಣಕಾಲೂರಿ ಹಚ್ಚಿದೆವು:
ಹಲ್ಲಿನ ಡಾಕ್ಟರ ಮನೆಯ ಹಸಿರು,
ನಾಪೋಕ್ಲಿನ ಬೇಕರಿಯ ಬಿಳಿ,
ಪೊನ್ನಂಪೇಟೆಯ ದೇಚವ್ವನ ಅಡುಗೆಮನೆಯ ನೀಲಿ ಹೂವು,
ಅದೂ ಅರ್ಧ. ಇನ್ನರ್ಧ ಅವರ ಸಿಂಕಿನ ಕೆಳಗಿದೆ.
ಮಸೀದಿಯ ಹೌಳಿಗೆ ತಂದು ಮಿಕ್ಕ ಆಕಾಶ ಬಣ್ಣವನ್ನು ಮಾತ್ರ
ಬಚ್ಚಲಿಗೆ ಬೇಡ ಅಂದರು ಅವರು.
ಅದು ಒಲೆಯ ಹಿಂದಿನ ಗೋಡೆಗೆ ಹೋಯಿತು.
ಒಗ್ಗರಣೆ ಸಿಡಿದರೆ ತಕ್ಷಣ ಒರೆಸುತ್ತಿದ್ದೆ.

ಮೀಯುವಾಗ ಒಂದೊಂದು ಚೂರಿಗೂ ಒಂದೊಂದು ನೆನಪು:
ಇಲ್ಲಿ ಮಜೂರಿ ಪೂರ್ತಿ ಕೊಟ್ಟರು,
ಇಲ್ಲಿ ಕಾಫಿ ಕೊಟ್ಟರು,
ಇಲ್ಲಿ ಇನ್ನೂ ಎರಡೂವರೆ ಸಾವಿರ ಬಾಕಿ.
ಆ ಚೂರಿಗೆ ನೀರು ಸ್ವಲ್ಪ ಜೋರಾಗಿಯೇ ಎರಚುತ್ತಿದ್ದೆ.

ಆಮೇಲೆ ಬ್ರೋಕರ್ ಡೊಮಿನಿಕ್ ಬಂದ.
ಹಾಲ್ ನೋಡಿ ಮೂಗು ಮುರಿದ,
ಹಂಚು ನೋಡಿ ಲೊಚಗುಟ್ಟಿದ,
ಬಚ್ಚಲ ಬಾಗಿಲು ತೆಗೆದವನು ಅಲ್ಲೇ ನಿಂತ.
‘ಅಯ್ಯೋ, ಇದು ಡಿಸೈನು!’
ಹದಿನಾಲ್ಕು ಫೋಟೋ ಹೊಡೆದ,
ಒಂದರಲ್ಲಿ ನನ್ನ ಒದ್ದೆ ಟವೆಲ್ಲೂ ಬಂತು.
ಆ ವಾರವೇ ಮನೆಯ ಬೆಲೆ ಮೂರು ಲಕ್ಷ ಏರಿತಂತೆ.

ಬೆಳ್ಯಪ್ಪನವರು ಅಡ್ವಾನ್ಸು ಪೂರ್ತಿ ಹಿಂದೆ ಕೊಟ್ಟರು,
ಸುಣ್ಣಬಣ್ಣಕ್ಕೆ ಅಂತ ಮುರಿದುಕೊಳ್ಳಲಿಲ್ಲ.
ಒಂದು ಬಾಟಲಿ ಜೇನನ್ನೂ ಕೊಟ್ಟರು.
ಬೈಯಲು ಕಾರಣ ಹುಡುಕಿದೆ, ಸಿಗಲಿಲ್ಲ,
ಅದಕ್ಕೇ ಇನ್ನೂ ಸಿಟ್ಟು.

ಈಗ ಅದು ಹೋಮ್‌ಸ್ಟೇ.
ಹೊಸ ಮಾಲೀಕ ಕೆಳಗಿನ ಮನೆಯನ್ನೂ ಕೊಂಡು
ಅವರನ್ನೇ ಕರೆಸಿದ: ‘ಅದೇ ಥರ ಬೇಕು.’
ಉಳಿಕೆ ಚೂರು ಅಷ್ಟು ಎಲ್ಲಿಂದ ತರುವುದು?
‘ಹೊಸದು ತಂದು ಒಡೆಯಿರಿ.’
ಮೈಸೂರಿಂದ ಬಂದ ಹದಿನೆಂಟು ಪೆಟ್ಟಿಗೆ,
ಮೂಲೆ ಮುಕ್ಕಾಗದ ಹಾಗೆ ಹುಲ್ಲಲ್ಲಿ ಸುತ್ತಿದ್ದು.
ಇಪ್ಪತ್ತಾರು ವರ್ಷ ಒಂದೂ ಒಡೆಯದಂತೆ ಹಿಡಿದ ಕೈ
ಸುತ್ತಿಗೆ ಎತ್ತಿ ಹಾಗೇ ನಿಂತಿತು.
‘ನೀನೇ ಒಡಿ,’ ಅಂದರು, ಬೀಡಿಗೆ ಹೊರಗೆ ಹೋದರು.

ಒಡೆದೆ.
ಮೊದಲನೆಯದು ನೋವಾಯಿತು.
ಮೂರನೆಯದರಿಂದ ಖುಷಿಯಾಗತೊಡಗಿತು.
ಒಡೆಯುವುದಕ್ಕೆ ಚದರಡಿಗೆ ಇಪ್ಪತ್ತು ರೂಪಾಯಿ ಬೇರೆ
ಅಂತ ಮಾತಾಡಿಕೊಂಡೇ ಸುತ್ತಿಗೆ ಎತ್ತಿದ್ದೆ.

ಕಲ್ಲುಬಾಣೆಯ ಈ ಮನೆಯ ಬಚ್ಚಲೂ ಬರೀ ಸಿಮೆಂಟು.
ಚೀಲ ಮತ್ತೆ ತುಂಬಿದೆ, ಬಾಗಿಲ ಹಿಂದೆ ಕೂತಿದೆ,
ಅವರ ಕಣ್ಣು ದಿನಾ ಅದರ ಮೇಲೆ.
ಬಾಡಿಗೆ ಕರಾರು ಐದು ವರ್ಷಕ್ಕೆ
ಛಾಪಾ ಕಾಗದದ ಮೇಲೆ ಸಹಿಯಾಗಿ ಬರಲಿ,
ಆಮೇಲೆ ಅಂಟಿಸೋಣ ಅಂದಿದ್ದೇನೆ.
ಅಲ್ಲಿಯವರೆಗೆ
ತಮ್ಮ ಬಂದರೆ ಜಾರಲಿ.