ಬೆಡ್ ನಾಲ್ಕರ ಎದುರಿನ ಟಿವಿ

ಸಾಗರದ ಆಸ್ಪತ್ರೆ, ಮೇಲ್ಮಹಡಿ, ಡಯಾಲಿಸಿಸ್ ಕೋಣೆ.
ಒಂಬತ್ತು ದಿನದಿಂದ ಟಿವಿ ತನ್ನ ಹೆಸರನ್ನಷ್ಟೇ ಹೇಳುತ್ತಿದೆ.
ಹೇಳುತ್ತದೆ, ಕಪ್ಪಾಗುತ್ತದೆ, ಮತ್ತೆ ಹೇಳುತ್ತದೆ,
ಮುಂದಿನ ಸಾಲು ಮರೆತು ವೇದಿಕೆ ಮೇಲೆ ನಿಂತ
ಮೂರನೇ ಕ್ಲಾಸಿನ ಹುಡುಗನ ಹಾಗೆ.

"ಅಪ್‌ಡೇಟ್ ಒತ್ತಿದ್ದು ಯಾರು?" ಅಂದೆ.
ಯಾರೂ ಅಲ್ಲ.
ಹದಿನಾಲ್ಕು ವರ್ಷ ಈ ಕೆಲಸ ಮಾಡಿದ್ದೇನೆ,
ಯಾವ ಮನೆಯಲ್ಲೂ ಯಾರೂ ಒತ್ತಿರುವುದಿಲ್ಲ.
ಅದೇ ಕೇಳಿತಂತೆ, ಯಾರೋ ಹೂಂ ಅಂದರಂತೆ,
ಅರವತ್ತಮೂರಕ್ಕೆ ಬಂದಾಗ ಕರೆಂಟು ಹೋಯಿತಂತೆ.
ರಕ್ತದ ಮೆಷಿನ್ನುಗಳು ಯುಪಿಎಸ್ ಹಿಡಿದು ನಡೆದವು.
ಟಿವಿಗೆ ಹಿಡಿಯಲು ಏನೂ ಇರಲಿಲ್ಲ.

ಗೋಡೆಯಿಂದ ಇಳಿಸಿ, ಬೋರಲು ಮಲಗಿಸಿ,
ಬೆನ್ನಿನ ಚೀಟಿ ಓದಿದೆ. ಮಾಡೆಲ್ ಒಂದೇ ಸಾಲದು,
ಬೋರ್ಡಿನ ನಂಬರು, ಪ್ಯಾನಲಿನ ನಂಬರು,
ಕೊನೆಯ ಅಕ್ಷರ ಕೂಡ ತಾಳೆಯಾಗಬೇಕು.
ಕಲಿಯುವಾಗ ಒಮ್ಮೆ ತಾಳಗುಪ್ಪದ ಹೋಟೆಲಿನ ಟಿವಿಗೆ
ಅದರ ದಾಯಾದಿಯ ಫೈಲು ಹಾಕಿದ್ದೆ.
ಚಿತ್ರ ಬಂತು, ತಲೆಕೆಳಗಾಗಿ.
ಎರಡು ದಿನ ವಾರ್ತೆ ಓದುವವರು
ಬಾವಲಿಗಳಂತೆ ಜೋತುಬಿದ್ದು ಓದಿದರು.
ಅಂದಿನಿಂದ, ಹೊಸದು ಬರೆಯುವ ಮೊದಲು
ಹಳೆಯದನ್ನು, ಕೆಟ್ಟದ್ದೇ ಆದರೂ, ನಕಲು ಇಟ್ಟುಕೊಳ್ಳುತ್ತೇನೆ.
ಫೈಲಿಗಾಗಿ ಕಂಪನಿಗೆ ನಾಲ್ಕು ಸಲ ಫೋನು ಮಾಡಿದೆ.
ಬೀದಿಯಲ್ಲಿ ಸಿಕ್ಕ ಕೀಲಿಯಿಂದ ಮನೆ ತೆರೆಯುವವಳಲ್ಲ ನಾನು.

"ಸಿಸ್ಟರ್, ಹತ್ತೇ ನಿಮಿಷ, ನಿಮ್ಮ ಯುಪಿಎಸ್ ಲೈನು..."
ಗ್ಲಾಡಿಸ್ ಸಿಸ್ಟರ್ ತಲೆಯನ್ನೂ ಎತ್ತಲಿಲ್ಲ.
"ಅದು ಮನುಷ್ಯರದ್ದು."
ಸರಿಯೇ. ಅಂಗಡಿಗೆ ಹೋಗಿ
ನನ್ನ ಇನ್ವರ್ಟರನ್ನೇ ಮೂವತ್ತೆರಡು ಮೆಟ್ಟಿಲು ಹೊತ್ತು ತಂದೆ.

ಟಿವಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ.
ಪೆನ್‌ಡ್ರೈವಿನಲ್ಲಿ ಒಂದೇ ಫೈಲು, ಹೆಸರು ತಿದ್ದದೆ.
ಗಲ್ಲದ ಕೆಳಗಿನ ಗುಂಡಿ ಒತ್ತಿ ಹಿಡಿದೇ ಪ್ಲಗ್ಗು ಹಾಕಿದೆ.
ಕೆಂಪು ದೀಪ ಮಿಟುಕಿತು. ಕೇಳಿತು:
ಎಲ್ಲ ಅಳಿಸಿ ಬರೆಯಲೇ, ಇದ್ದದ್ದನ್ನು ಉಳಿಸಿ ಬರೆಯಲೇ?
ಅಳಿಸುವುದು ಸಲೀಸು. ನಾನು ಯಾವಾಗಲೂ ಅಳಿಸುತ್ತೇನೆ.

ಆಗ ದ್ಯಾವಮ್ಮ, ತೋಳು ಅಲುಗಿಸದೆ, ಸಣ್ಣಗೆ ಅಂದಳು:
"ಒತ್ತಿದ್ದು ನಾಕನೇ ಬೆಡ್ಡಿನ ಬೂದ್ಯಪ್ಪ.
ಲಾಂಚಲ್ಲಿ ಟಿಕೀಟು ಹರೀತಿದ್ದನಲ್ಲ, ಅವನು.
ಬಯ್ಬೇಡ ಮಾರಾಯ್ತಿ. ಸೋಮವಾರದಿಂದ ಬರ್ತಾ ಇಲ್ಲ.
ಇನ್ನು ಬರೋದೂ ಇಲ್ಲ."

ಬಾಣದ ಗುರುತನ್ನು ಒಂದು ಸಾಲು ಕೆಳಗಿಳಿಸಿದೆ.

ಎಂಟು. ಹತ್ತೊಂಬತ್ತು. ನಲವತ್ತು.
ಊರಿಗೆಲ್ಲ ಕರೆಂಟು ಹೋಯಿತು, ಬಂತು.
ಇನ್ವರ್ಟರು ಒಮ್ಮೆ ಗೊರಕೆ ಹೊಡೆಯಿತು.
ಅರವತ್ತೆರಡರಲ್ಲಿ ನಿಂತೇಬಿಟ್ಟಿತು.
ಫಯಾಜ್ ತನ್ನ ಕೊಳವೆ ನೋಡಿಕೊಂಡು
"ನಂದೂ ಈಗ ಅರ್ಧ ಹೊರಗೇ ಇದೆ ಅಕ್ಕ" ಎಂದು ನಕ್ಕ.
ನಾನು ನಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತೆ.
ಈ ಕಸುಬಿನಲ್ಲಿ ನಾನು ಕೊನೆಗೆ ಕಲಿತದ್ದು ಅದು,
ಏನನ್ನೂ ಮುಟ್ಟದಿರುವುದು.
ಅರವತ್ತಮೂರು.

ಅರವತ್ತನಾಲ್ಕು.

ಟಿವಿ ತನ್ನ ಹೆಸರು ಹೇಳಿತು. ಕಪ್ಪಾಯಿತು.
ಆಮೇಲೆ ಮುಂದಿನ ಸಾಲು ನೆನಪಾಯಿತು:
ಕಬಡ್ಡಿ ಚಾನೆಲ್ಲು, ಸದ್ದು ಆರರಲ್ಲಿ,
ಬೂದ್ಯಪ್ಪ ಬಿಟ್ಟುಹೋದ ಹಾಗೇ.

ಆ ಕೋಣೆಯಲ್ಲಿ ಕಬಡ್ಡಿ ಯಾರಿಗೂ ಸೇರುವುದಿಲ್ಲ.
ದ್ಯಾವಮ್ಮನಿಗೆ ಧಾರಾವಾಹಿ ಬೇಕು; ಒಂಬತ್ತು ದಿನದ್ದು
ವಾಪಸು ಬರುತ್ತಾ ಎಂದು ಕೇಳಿದಳು ಕೂಡ.
ಆದರೂ ಆಟ ಮುಗಿಯುವವರೆಗೆ
ರಿಮೋಟಿಗೆ ಯಾರೂ ಕೈ ಚಾಚಲಿಲ್ಲ.

ಗ್ಲಾಡಿಸ್ ಸಿಸ್ಟರ್ ಬಿಳಿ ಪ್ಲಾಸ್ಟರ್ ಹರಿದು,
ಸೂಜಿ ಜಾರದಂತೆ ತೋಳಿಗೆ ಅಂಟಿಸುತ್ತಾರಲ್ಲ, ಅದನ್ನೇ,
ಟಿವಿಯ ಪ್ಲಗ್ಗಿಗೆ ಸುತ್ತಿ ಬರೆದರು: ಕೀಳಬೇಡಿ.

ಇನ್ವರ್ಟರನ್ನು ಅಲ್ಲೇ ಬಿಟ್ಟು ಬಂದೆ.
ಮೂವತ್ತೆರಡು ಮೆಟ್ಟಿಲು, ಮತ್ತೆ ಯಾರು ಹೊರುತ್ತಾರೆ.